ಜರಿ ಸೀರೆಯ ಗೋದಾಮಿನಲ್ಲಿ ಬ್ಯಾಟರಿಯಿಲ್ಲದ ಟ್ಯಾಗ್ ಎಲ್ಲಿದೆಯೆಂದು ಕಂಡುಹಿಡಿಯುವ ಬಗೆ

ಮೈಸೂರಿನಿಂದ ಬೆಂಗಳೂರಿನ ಕಡೆಗೆ ಹೊರಟವರು ಶ್ರೀರಂಗಪಟ್ಟಣ ದಾಟಿ ಗಣಂಗೂರಿನ ಟೋಲ್ ತಲುಪಿದಾಗ, ಕಾರಿನ ಮುಂಗಾಜಿಗೆ ಅಂಟಿಸಿದ ಫಾಸ್ಟ್ಯಾಗನ್ನು ಮೇಲೆ ಕಟ್ಟಿರುವ ಆಂಟೆನಾ ಕ್ಷಣಮಾತ್ರದಲ್ಲಿ ಓದಿಬಿಡುತ್ತದೆ. ಆ ಚೀಟಿಯೊಳಗೆ ಬ್ಯಾಟರಿಯೂ ಇಲ್ಲ, ತಾನಾಗಿ ಅಲೆ ಹೊರಡಿಸುವ ಯಂತ್ರವೂ ಇಲ್ಲ. ಇರುವುದು ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಎಲೆಕ್ಟ್ರಾನಿಕ್ ಚಿಪ್ ಮತ್ತು ಅದಕ್ಕೆ ಅಂಟಿದ ತೆಳು ಲೋಹದ ಗೆರೆ ಮಾತ್ರ. ಇಂಥ ಚೀಟಿಯನ್ನು ಆರ್‌ಎಫ್‌ಐಡಿ ಟ್ಯಾಗ್ ಎಂದೂ, ಅದನ್ನು ಆಂಟೆನಾದ ಮೂಲಕ ಓದುವ ಯಂತ್ರವನ್ನು ರೀಡರ್ ಎಂದೂ ಕರೆಯುತ್ತಾರೆ. ಟೋಲಿನವರಿಗೆ ಬೇಕಾದದ್ದು ಆ ಗಾಡಿ ಯಾವುದು ಎಂಬ ಉತ್ತರ, ಅದು ಸಿಕ್ಕಿದರೆ ಕೆಲಸ ಮುಗಿಯಿತು. ಪೆಟ್ಟಿಗೆಗಳಿಗೆ ಇಂಥದೇ ಟ್ಯಾಗ್ ಅಂಟಿಸುವ ಸೀರೆ ಗೋದಾಮಿನಲ್ಲಿ ಕೇಳುವ ಪ್ರಶ್ನೆ ಬೇರೆ. ಪೆಟ್ಟಿಗೆ ಒಳಗೇ ಇದೆಯೆಂಬುದು ಎಲ್ಲರಿಗೂ ಗೊತ್ತಿರುತ್ತದೆ, ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ.

ದಸರೆಗೆ ಮುಂಚಿನ ವಾರಗಳಲ್ಲಿ ಮೈಸೂರಿನ ಒಂದು ರೇಷ್ಮೆ ಸೀರೆ ಅಂಗಡಿಯ ಗೋದಾಮಿನಲ್ಲಿ ನಾನು ಈ ಕೆಲಸಕ್ಕೆ ಕೈ ಹಾಕಿದೆ. ಗೋಡೆಯುದ್ದಕ್ಕೂ ಕಬ್ಬಿಣದ ರ‍್ಯಾಕು, ಎದುರಿಗೆ ಸಾಲಾಗಿ ನಾಲ್ಕು ಉಕ್ಕಿನ ಬೀರು, ಎಲ್ಲದರಲ್ಲೂ ಒಂದೇ ಬಣ್ಣದ ರಟ್ಟಿನ ಪೆಟ್ಟಿಗೆಗಳು. ಗಿರಾಕಿಯೊಬ್ಬರು ಕೇಳಿದ ತಿಳಿನೀಲಿ ಸೀರೆಗಾಗಿ ಅಲ್ಲಿನ ಹುಡುಗರು ಮುಕ್ಕಾಲು ಗಂಟೆ ಏಣಿ ಹತ್ತಿ ಇಳಿದದ್ದನ್ನು ಕಂಡ ಮೇಲೆ, ಇದಕ್ಕೊಂದು ದಾರಿ ಇರಲೇಬೇಕೆಂದು ನನಗೆ ಅನ್ನಿಸಿತು. ಆ ದಾರಿಯನ್ನು, ಅದರಲ್ಲಿ ನಾನು ತಪ್ಪಿದ ಜಾಗಗಳನ್ನೂ ಸೇರಿಸಿ, ಇಲ್ಲಿ ವಿವರಿಸುತ್ತೇನೆ. ರೀಡರನ್ನು ಕಂಪ್ಯೂಟರಿಗೆ ಜೋಡಿಸಿ ಅಂಕಿ ತೆಗೆಯಲು ಬರುವವರು, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಇಪ್ಪತ್ತು ಮೂವತ್ತು ಸಾಲು ಬರೆಯಬಲ್ಲವರು ಇದನ್ನು ತಾವೇ ಮಾಡಬಹುದು.

ಮೊದಲು ಟ್ಯಾಗ್ ಹೇಗೆ ಮಾತನಾಡುತ್ತದೆ ಎಂಬುದನ್ನು ಗ್ರಹಿಸಬೇಕು. ರೀಡರ್ ಎಡೆಬಿಡದೆ ಒಂದು ಅಲೆಯನ್ನು ಹೊರಡಿಸುತ್ತಿರುತ್ತದೆ. ಟ್ಯಾಗಿನ ಚಿಪ್ ಅದೇ ಅಲೆಯಿಂದ ತನಗೆ ಬೇಕಾದಷ್ಟು ಶಕ್ತಿಯನ್ನು ಹೀರಿಕೊಂಡು ಎಚ್ಚರಗೊಳ್ಳುತ್ತದೆ, ಆಮೇಲೆ ತನ್ನ ಆಂಟೆನಾಕ್ಕೆ ಜೋಡಿಸಿದ ಹೊರೆಯನ್ನು, ಅಂದರೆ ಆಂಟೆನಾದಿಂದ ವಿದ್ಯುತ್ ಎಳೆಯುವ ಭಾಗವನ್ನು, ಒಮ್ಮೆ ಹೀಗೆ, ಒಮ್ಮೆ ಹಾಗೆ ಬದಲಿಸುತ್ತದೆ. ಹೊರೆ ಬದಲಾದಂತೆ ಆ ಲೋಹದ ಗೆರೆಯಿಂದ ಹಿಂದಿರುಗುವ ಅಲೆ ಹೆಚ್ಚು ಕಡಿಮೆಯಾಗುತ್ತದೆ. ಬಿಸಿಲಿನಲ್ಲಿ ನಿಂತ ಹುಡುಗ ಕನ್ನಡಿಯನ್ನು ಓರೆ ಮಾಡಿ ಎದುರು ಮನೆಯ ಗೋಡೆಯ ಮೇಲೆ ಬೆಳಕು ಮಿನುಗಿಸುವಂತೆಯೇ ಇದು; ಬೆಳಕು ಸೂರ್ಯನದು, ಮಿನುಗು ಮಾತ್ರ ಹುಡುಗನದು. ಪ್ರತಿಫಲಿತ ಶಕ್ತಿಯಿಂದಲೇ ಸಂವಹನ ನಡೆಸಬಹುದೆಂದು ಎಂಜಿನಿಯರ್ ಹ್ಯಾರಿ ಸ್ಟಾಕ್‌ಮನ್ 1948ರಲ್ಲಿಯೇ ಪ್ರಬಂಧ ಬರೆದು ತೋರಿಸಿದ್ದರು.

ಹಿಂದಿರುಗಿದ ಅಲೆಯಿಂದ ರೀಡರಿಗೆ ಟ್ಯಾಗಿನ ಸಂಖ್ಯೆಯ ಜೊತೆಗೆ ಇನ್ನೆರಡು ವಿಷಯ ತಿಳಿಯುತ್ತವೆ. ಒಂದು, ಆ ಅಲೆ ಎಷ್ಟು ಬಲವಾಗಿದೆ ಎಂಬುದು. ಇನ್ನೊಂದು, ಹೊರಟ ಅಲೆಗೂ ಬಂದ ಅಲೆಗೂ ನಡುವೆ ಇರುವ ಫೇಸ್, ಅಂದರೆ ಪಠ್ಯಪುಸ್ತಕಗಳು ಪ್ರಾವಸ್ಥೆ ಎಂದು ಕರೆಯುವ ಕೋನ; ಅಲೆಯ ಒಂದು ಪೂರ್ತಿ ಏರಿಳಿತವನ್ನು 360 ಡಿಗ್ರಿ ಎಂದು ಹಿಡಿದಾಗ, ಬಂದ ಅಲೆ ಹೊರಟ ಅಲೆಗಿಂತ ಎಷ್ಟು ಡಿಗ್ರಿ ಹಿಂದೆ ಬಿದ್ದಿದೆ ಎಂಬ ಲೆಕ್ಕ.

ಬಲವನ್ನು ನೋಡಿ ದೂರವನ್ನು ಅಂದಾಜು ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅಲೆ ಹೋಗಿ ಬರುವುದರಿಂದ, ಬಯಲಿನಲ್ಲಿ ಅದರ ಬಲ ದೂರದ ನಾಲ್ಕನೆಯ ಘಾತದಷ್ಟು ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ 12 ಡೆಸಿಬೆಲ್ ಇಳಿಯುತ್ತದೆ, ಎಂದರೆ ಹದಿನಾರರಲ್ಲಿ ಒಂದು ಪಾಲು ಉಳಿಯುತ್ತದೆ. ಲೆಕ್ಕ ಸರಿಯಾಗಿದೆ, ಆದರೆ ಗೋದಾಮು ಬಯಲಲ್ಲ. ನಾನು ಮೊದಲ ದಿನ ಕೈಯಲ್ಲಿ ಹಿಡಿಯುವ ರೀಡರನ್ನು ತೆಗೆದುಕೊಂಡು, ಬಲ ಹೆಚ್ಚಿದಂತೆ ಅದು ಹೊರಡಿಸುವ ಸದ್ದು ಹೆಚ್ಚಾದ ಕಡೆಗೆ ನಡೆಯುತ್ತಾ ಹೋಗಿ, ಮೂರನೆಯ ಬೀರುವಿನ ಮುಂದೆ ನಿಂತು ಇಲ್ಲೇ ಇದೆ ಎಂದು ಖಚಿತವಾಗಿ ಹೇಳಿದೆ. ಬೀರುವನ್ನು ಪೂರ್ತಿ ಖಾಲಿ ಮಾಡಿದರೂ ಪೆಟ್ಟಿಗೆ ಸಿಗಲಿಲ್ಲ. ಅದು ನನ್ನ ಬೆನ್ನ ಹಿಂದಿನ ರ‍್ಯಾಕಿನಲ್ಲಿತ್ತು. ಅರ್ಧ ತೆರೆದಿದ್ದ ಬೀರುವಿನ ಬಾಗಿಲು ನನ್ನ ರೀಡರಿನ ಅಲೆಯನ್ನು ಹಿಂದಕ್ಕೆ ತಿರುಗಿಸಿ ಅಲ್ಲಿಗೆ ಮುಟ್ಟಿಸುತ್ತಿತ್ತು. ತೆಗೆದದ್ದನ್ನೆಲ್ಲ ಹುಡುಗರು ಮತ್ತೆ ಜೋಡಿಸಬೇಕಾಯಿತು. ಬಲದ ಅಂಕಿಯನ್ನು ಯಾವ ಕೋಣೆ, ಯಾವ ಗೋಡೆ ಎಂಬಷ್ಟಕ್ಕೆ ಮಾತ್ರ ನಂಬಬೇಕು.

ಫೇಸ್ ಇದಕ್ಕಿಂತ ಬಹಳ ಸೂಕ್ಷ್ಮವಾದ ಅಳತೆಗೋಲು. ರೀಡರ್ 866.3 ಮೆಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತಿದೆಯೆಂದು ಇಟ್ಟುಕೊಳ್ಳೋಣ. ಮೈಸೂರು ಆಕಾಶವಾಣಿಯನ್ನು ನಾವು ಕೇಳುವ 100.6 ಮೆಗಾಹರ್ಟ್ಸಿನ ಅಲೆ ಸುಮಾರು 3 ಮೀಟರ್ ಉದ್ದವಿದ್ದರೆ, ಈ ಅಲೆಯ ಉದ್ದ, ಅಂದರೆ ತರಂಗದೂರ, 34.6 ಸೆಂಟಿಮೀಟರ್ ಮಾತ್ರ. ಅಲೆ ಹೋಗಿ ಮರಳಿ ಬರುವುದರಿಂದ ಟ್ಯಾಗ್ ಇದರ ಅರ್ಧದಷ್ಟು, ಎಂದರೆ 17.3 ಸೆಂಟಿಮೀಟರ್, ಒಂದು ಗೇಣಿಗಿಂತಲೂ ಕಡಿಮೆ ದೂರ ಸರಿದರೆ ಸಾಕು, ಫೇಸ್ 360 ಡಿಗ್ರಿ ಪೂರ್ತಿ ಸುತ್ತು ಹಾಕುತ್ತದೆ. ಒಂದೇ ಒಂದು ಸೆಂಟಿಮೀಟರ್ ಸರಿದರೆ ಸುಮಾರು 21 ಡಿಗ್ರಿ ಬದಲಾವಣೆ ಕಾಣುತ್ತದೆ. ಇದನ್ನು ನಂಬುವ ಮೊದಲು ಕಣ್ಣಾರೆ ನೋಡಿಕೊಳ್ಳುವುದು ಒಳ್ಳೆಯದು: ಮೇಜಿನ ಮೇಲೆ ಸ್ಕೇಲಿಟ್ಟು, ಟ್ಯಾಗನ್ನು ಒಂದೊಂದೇ ಸೆಂಟಿಮೀಟರ್ ಹಿಂದಕ್ಕೆ ತಳ್ಳುತ್ತಾ, ಪ್ರತಿ ಸಲವೂ ಕೈಯನ್ನು ದೂರ ತೆಗೆದು, ಅಂಕಿಯನ್ನು ಬರೆದುಕೊಳ್ಳಿ. ಫೇಸ್ ಏರುತ್ತದೋ ಇಳಿಯುತ್ತದೋ ಎಂಬುದು ರೀಡರಿನಿಂದ ರೀಡರಿಗೆ ಬೇರೆಯಾಗುವುದರಿಂದ ಅದನ್ನೂ ಆಗಲೇ ಗುರುತು ಹಾಕಿಕೊಳ್ಳಬೇಕು. ಇಲ್ಲಿ ದೂರ ಹೆಚ್ಚಿದಂತೆ ಫೇಸ್ ಏರುತ್ತದೆ ಎಂದು ಹಿಡಿದು ಮುಂದುವರಿಯುತ್ತೇನೆ.

ತೊಡಕಿರುವುದು ಆ ಸುತ್ತಿನಲ್ಲಿಯೇ. ಫೇಸ್ 40 ಡಿಗ್ರಿ ಎಂದು ಬಂದರೆ ಅದು ಒಂದು ಮೀಟರಿನಲ್ಲಿಯೂ ಇರಬಹುದು, ಅದಕ್ಕಿಂತ 17.3 ಸೆಂಟಿಮೀಟರ್ ಆಚೆಯೂ ಇರಬಹುದು, ಇನ್ನೂ ಅಷ್ಟೇ ಆಚೆಯೂ ಇರಬಹುದು. ಎಷ್ಟು ಸುತ್ತು ಮುಗಿದಿವೆ ಎಂಬುದನ್ನು ಗಡಿಯಾರದ ನಿಮಿಷದ ಮುಳ್ಳು ಹೇಳದಿರುವಂತೆ, ಇದೂ ಹೇಳುವುದಿಲ್ಲ.

ಈ ತೊಡಕಿಗೆ ಹೊರದೇಶದ ಬರಹಗಳಲ್ಲಿ ಹೆಚ್ಚಾಗಿ ಕಾಣುವ ಪರಿಹಾರವೆಂದರೆ, ಬೇರೆ ಬೇರೆ ಆವೃತ್ತಿಗಳಲ್ಲಿ, ಎಂದರೆ ಫ್ರೀಕ್ವೆನ್ಸಿಗಳಲ್ಲಿ, ಅದೇ ಟ್ಯಾಗನ್ನು ಓದಿ, ಫೇಸಿನ ವ್ಯತ್ಯಾಸದಿಂದ ದೂರವನ್ನು ಲೆಕ್ಕ ಹಾಕುವುದು. ಅದನ್ನು ನಮ್ಮಲ್ಲಿ ಹಾಗೆಯೇ ಅನುಸರಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಅದಕ್ಕೆ ಕಾರಣ ಸರಳ ಲೆಕ್ಕದಲ್ಲಿದೆ. ಅಮೆರಿಕದಲ್ಲಿ ಇಂಥ ಟ್ಯಾಗುಗಳಿಗೆ 902ರಿಂದ 928 ಮೆಗಾಹರ್ಟ್ಸಿನವರೆಗೆ 26 ಮೆಗಾಹರ್ಟ್ಸ್ ಅಗಲದ ಪಟ್ಟಿ ಇದೆ. ಅದರ ಎರಡು ತುದಿಗಳ ನಡುವಿನ ಫೇಸ್ ವ್ಯತ್ಯಾಸ ಸುಮಾರು 5.8 ಮೀಟರಿಗೆ ಒಂದು ಸುತ್ತು ಬರುತ್ತದೆ. ಅಳತೆಯಲ್ಲಿ 5 ಡಿಗ್ರಿ ತಪ್ಪಿದರೆ ದೂರದಲ್ಲಿ ಆಗುವ ತಪ್ಪು 8 ಸೆಂಟಿಮೀಟರ್. ನಮ್ಮಲ್ಲಿ 2005ರಿಂದ ಪರವಾನಗಿ ಇಲ್ಲದೆ ಬಳಸಲು ಬಿಟ್ಟಿದ್ದ ಪಟ್ಟಿ 865ರಿಂದ 867 ಮೆಗಾಹರ್ಟ್ಸ್, ಎಂದರೆ 2 ಮೆಗಾಹರ್ಟ್ಸ್ ಮಾತ್ರ. 2021ರಲ್ಲಿ ಅದನ್ನು 868ರವರೆಗೆ ವಿಸ್ತರಿಸಿದರು, ಆದರೂ ಅಗಲ 3 ಮೆಗಾಹರ್ಟ್ಸ್ ಮಾತ್ರ. 2 ಮೆಗಾಹರ್ಟ್ಸ್ ಅಂತರದಲ್ಲಿ ಒಂದು ಸುತ್ತಿಗೆ 75 ಮೀಟರ್ ಬೇಕು, ಆದ್ದರಿಂದ ಅದೇ 5 ಡಿಗ್ರಿ ತಪ್ಪು ಇಲ್ಲಿ ಒಂದು ಮೀಟರಿಗೂ ಹೆಚ್ಚಿನ ತಪ್ಪಾಗುತ್ತದೆ; 3 ಮೆಗಾಹರ್ಟ್ಸನ್ನು ಪೂರ್ತಿ ಬಳಸಿದರೂ ಸುಮಾರು 70 ಸೆಂಟಿಮೀಟರ್ ತಪ್ಪುತ್ತದೆ. ಗೋದಾಮಿನ ರ‍್ಯಾಕಿನಲ್ಲಿ ಒಂದು ಮೀಟರೆಂದರೆ ಹತ್ತಾರು ಪೆಟ್ಟಿಗೆಗಳು. ಹಾಗಾಗಿ ಆವೃತ್ತಿಯನ್ನು ಬದಲಿಸುವ ಬದಲು ಆಂಟೆನಾವನ್ನೇ ಸರಿಸಬೇಕು. ಕಿರಿದಾದ ಪಟ್ಟಿಯಿರುವ ನಮ್ಮ ದೇಶಕ್ಕೆ ಒಗ್ಗುವ ವಿಧಾನ ಅದೇ.

ಇದಕ್ಕೆ ಬೇಕಾಗುವ ಸಾಮಾನು ಹೆಚ್ಚಿಲ್ಲ. ಪ್ರತಿ ಓದಿಗೂ ಫೇಸನ್ನು ಕೊಡುವ ಸ್ಥಿರ ರೀಡರ್ ಒಂದು; ಕೊಳ್ಳುವ ಮೊದಲು ಫೇಸ್ ಕೊಡುತ್ತದೆಯೇ ಎಂದು ಕೇಳಿಯೇ ಕೊಳ್ಳಬೇಕು, ಏಕೆಂದರೆ ಅಗ್ಗದ ರೀಡರುಗಳಲ್ಲಿ ಹಲವು ಬಲವನ್ನು ಮಾತ್ರ ತಿಳಿಸುತ್ತವೆ. ಸುಮಾರು 8 ಡಿಬಿಐ ಗಳಿಕೆಯ (ಅಲೆಯನ್ನು ಒಂದೇ ದಿಕ್ಕಿಗೆ ಒಗ್ಗೂಡಿಸುವ ಸಾಮರ್ಥ್ಯದ ಅಳತೆ) ಚಪ್ಪಟೆ ಆಂಟೆನಾ ಒಂದು, ಅದಕ್ಕೊಂದು ಒಳ್ಳೆಯ ಕೋಆಕ್ಸಿಯಲ್ ಕೇಬಲ್. ರೀಡರಿನಿಂದ ಹೊರಡುವ ಶಕ್ತಿ 1 ವಾಟ್, ಗಳಿಕೆಯನ್ನೂ ಸೇರಿಸಿ ಆಂಟೆನಾದಿಂದ ಹೊರಡುವ ಪರಿಣಾಮಕಾರಿ ಶಕ್ತಿ (ಇಆರ್‌ಪಿ) 4 ವಾಟ್ ಮೀರಬಾರದೆಂಬುದು ನಿಯಮ. 1 ವಾಟಿಗೆ 8 ಡಿಬಿಐ ಆಂಟೆನಾ ಜೋಡಿಸಿದರೆ ಮಿತಿಯ ಒಳಗೇ ಇರುತ್ತೀರಿ. ಇನ್ನು ಬೇಕಾದದ್ದು ಮೂರು ಮೀಟರ್ ಉದ್ದದ ಮರದ ಹಳಿ, ಅದರ ಮೇಲೆ ಜಾರುವ ಸಣ್ಣ ಗಾಡಿ. ನಾನು ಹಳಿಯನ್ನು ನಮ್ಮ ಬಡಗಿಯಿಂದ ಸಿಲ್ವರ್ ಮರದಲ್ಲಿ ಮಾಡಿಸಿದೆ. ಕಬ್ಬಿಣದ ಪೈಪು ಸುಲಭವಾಗಿ ಸಿಗುತ್ತದೆ ನಿಜ, ಆದರೆ ಆಂಟೆನಾದ ಪಕ್ಕದಲ್ಲಿ ಲೋಹ ಸೇರಿದಷ್ಟೂ ಅಳತೆ ಕೆಡುತ್ತದೆ. ಗಾಡಿಯನ್ನು ಎಣಿಸಿದಷ್ಟೇ ಹೆಜ್ಜೆ ತಿರುಗುವ ಸಣ್ಣ ಸ್ಟೆಪ್ಪರ್ ಮೋಟಾರಿನಿಂದ ಎಳೆದರೆ, ಯಾವ ಕ್ಷಣದಲ್ಲಿ ಆಂಟೆನಾ ಎಲ್ಲಿತ್ತು ಎಂಬ ಲೆಕ್ಕ ತಾನಾಗಿಯೇ ದಾಖಲಾಗುತ್ತದೆ. ಕೇಬಲ್ ಬಾಗಿದರೂ ಫೇಸ್ ಸ್ವಲ್ಪ ಬದಲಾಗುವುದರಿಂದ, ಅದು ಗಾಡಿಯ ಹಿಂದೆ ದೊಡ್ಡ ಬಳಸಾಗಿ ಸಲೀಸಾಗಿ ಹರಿದು ಬರುವಂತೆ ಕಟ್ಟಬೇಕು.

ಈಗ ಟ್ಯಾಗ್ ಅಂಟಿಸುವ ವಿಷಯ. ಇಲ್ಲಿ ಆತುರಪಟ್ಟರೆ ಮುಂದಿನದೆಲ್ಲ ವ್ಯರ್ಥ. ಅಸಲಿ ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ಶೇಕಡ 65ರಷ್ಟು ಬೆಳ್ಳಿ ಇರುತ್ತದೆ. ಬೆಳ್ಳಿಗಿಂತ ಉತ್ತಮವಾದ ವಿದ್ಯುತ್ ವಾಹಕ ಲೋಹ ಇನ್ನೊಂದಿಲ್ಲ. ಸೀರೆಯನ್ನು ಮಡಿಸಿಟ್ಟಾಗ ಅಂಚು ಅಂಚಿನ ಮೇಲೆ, ಸೆರಗು ಎಲ್ಲಕ್ಕಿಂತ ಮೇಲೆ ಬರುತ್ತದೆ, ಮತ್ತು ಆ ಪದರಗಳೆಲ್ಲ ಸೇರಿ ರೇಡಿಯೋ ಅಲೆಯ ಕಣ್ಣಿಗೆ ಒಂದು ಲೋಹದ ತಗಡಿನಂತೆಯೇ ಕಾಣುತ್ತವೆ. ಪೆಟ್ಟಿಗೆಯ ಮುಚ್ಚಳದ ಒಳಭಾಗಕ್ಕೆ, ಸರಿಯಾಗಿ ಸೆರಗಿನ ಮೇಲೆ ಕೂರುವಂತೆ ಅಂಟಿಸಿದ ಟ್ಯಾಗ್ ಒಂದು ಗಜ ದೂರದಿಂದಲೂ ಓದಿಗೆ ಸಿಗಲಿಲ್ಲ. ಅದೇ ಟ್ಯಾಗನ್ನು ಕಿತ್ತು ಪೆಟ್ಟಿಗೆಯ ಕಿರಿದಾದ ಮುಂಬದಿಗೆ, ಸೀರೆಯ ಮಡಿಕೆಯಿಂದ ಎರಡು ಬೆರಳಿನಷ್ಟು ಜಾಗ ಬಿಟ್ಟು ಅಂಟಿಸಿದ ಮೇಲೆ ಗೋದಾಮಿನ ಆ ತುದಿಯಿಂದಲೂ ಓದಿಗೆ ಸಿಕ್ಕಿತು. ಲೋಹ ತೀರ ಹತ್ತಿರವಿದ್ದಾಗ ಟ್ಯಾಗಿನ ಶ್ರುತಿಯೇ ತಪ್ಪುತ್ತದೆ, ಚಿಪ್ಪಿಗೆ ಏಳುವಷ್ಟು ಶಕ್ತಿಯೂ ದೊರೆಯುವುದಿಲ್ಲ. ಆದ್ದರಿಂದ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಬದಿಗೆ, ಒಂದೇ ಎತ್ತರದಲ್ಲಿ, ಒಂದೇ ದಿಕ್ಕಿಗೆ ತಿರುಗಿದಂತೆ ಟ್ಯಾಗ್ ಅಂಟಿಸಿ. ದಿಕ್ಕಿನ ಮಾತನ್ನು ಲಘುವಾಗಿ ಎಣಿಸಬಾರದು. ವೃತ್ತೀಯ ಧ್ರುವೀಕರಣದ, ಎಂದರೆ ಅಲೆಯನ್ನು ತಿರುಪಿನಂತೆ ಸುತ್ತಿಸುತ್ತಾ ಕಳಿಸುವ, ಆಂಟೆನಾ ಬಳಸುವಾಗ, ಟ್ಯಾಗ್ ಕೂತಲ್ಲಿಯೇ ಓರೆಯಾಗಿ ತಿರುಗಿದರೂ ತಿರುಗಿದ ಕೋನದ ಎರಡರಷ್ಟು ಫೇಸ್ ಬದಲಾಗುತ್ತದೆ.

ಪೆಟ್ಟಿಗೆಗಳ ಜೊತೆಗೆ, ರ‍್ಯಾಕಿನ ಪ್ರತಿ ಹಂತದ ಮುಂಗಟ್ಟಿನ ಮೇಲೂ ಅರ್ಧ ಮೀಟರಿಗೊಂದರಂತೆ ಗುರುತಿನ ಟ್ಯಾಗುಗಳನ್ನು ಕೂರಿಸಬೇಕು. ಮುಂಗಟ್ಟು ಕಬ್ಬಿಣದ್ದಾದರೆ ನಡುವೆ ಥರ್ಮೋಕೋಲಿನ ತುಂಡು ಇಟ್ಟು ಅಂಟಿಸಿ, ಅಥವಾ ಲೋಹದ ಮೇಲೆ ಅಂಟಿಸಲೆಂದೇ ಬರುವ ಟ್ಯಾಗನ್ನು ತನ್ನಿ. ಯಾವ ಸಂಖ್ಯೆಯ ಗುರುತು ಎಷ್ಟನೆಯ ಹಂತದಲ್ಲಿ, ಎಡತುದಿಯಿಂದ ಎಷ್ಟು ಸೆಂಟಿಮೀಟರಿನಲ್ಲಿದೆ ಎಂದು ಟೇಪು ಹಿಡಿದು ಅಳೆದು ಬರೆದಿಡಿ. ಇದು ಅರ್ಧ ದಿನದ ಬೇಸರದ ಕೆಲಸವಾದರೂ ನನ್ನ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ರೀಡರಿನಲ್ಲಿ ಮೂರು ಸಂಗತಿಗಳನ್ನು ಸರಿಪಡಿಸಿಕೊಳ್ಳಬೇಕು. ಮೊದಲನೆಯದಾಗಿ, ಅದು ಚಾನೆಲ್ಲಿನಿಂದ ಚಾನೆಲ್ಲಿಗೆ ಜಿಗಿಯುವ ಹಾಗಿದ್ದರೆ ಪ್ರತಿ ಚಾನೆಲ್ಲಿನ ಓದುಗಳನ್ನೂ ಬೇರೆ ಬೇರೆ ಕಡತಕ್ಕೆ ಹಾಕಬೇಕು, ಏಕೆಂದರೆ ಆವೃತ್ತಿ ಬದಲಾದಾಗ ಕೇಬಲ್ಲಿನ ಮತ್ತು ರೀಡರಿನ ಒಳಗಿನ ಫೇಸೂ ಬದಲಾಗಿ, ಒಟ್ಟಿಗೆ ಕಲಸಿದ ಅಂಕಿಗಳಿಂದ ಯಾವ ರೇಖೆಯೂ ಮೂಡುವುದಿಲ್ಲ. ಎರಡನೆಯದಾಗಿ, ಟ್ಯಾಗ್ ತಾನು ಉತ್ತರಿಸಿಯಾಯಿತೋ ಇಲ್ಲವೋ ಎಂಬ ಎರಡು ಸ್ಥಿತಿಗಳನ್ನು ನೆನಪಿಡುವ ಬಗೆಗಳಿಗೆ ಸೆಷನ್ ಎಂದು ಹೆಸರು; ಅವುಗಳಲ್ಲಿ ಸೆಷನ್ ಸೊನ್ನೆಯನ್ನು ಆರಿಸಿ, ಎರಡೂ ಸ್ಥಿತಿಗಳನ್ನು ಸರದಿಯ ಮೇಲೆ ಕೂಗುವ ಆಯ್ಕೆಯನ್ನು ಒತ್ತಬೇಕು. ಸೆಷನ್ ಎರಡು ಅಥವಾ ಮೂರರಲ್ಲಿ ಒಂದೇ ಸ್ಥಿತಿಯನ್ನು ಕೂಗುವಂತೆ ಬಿಟ್ಟರೆ, ಟ್ಯಾಗ್ ಒಮ್ಮೆ ಉತ್ತರಿಸಿ ಸುಮ್ಮನಾಗಿಬಿಡುತ್ತದೆ, ಮತ್ತು ನಮಗೆ ಬೇಕಾಗಿರುವುದು ಅದು ಮತ್ತೆ ಮತ್ತೆ ಉತ್ತರಿಸುವುದು. ಮೂರನೆಯದಾಗಿ, ಸೆಲೆಕ್ಟ್ ಎಂಬ ಆಜ್ಞೆಯ ಮೂಲಕ ಹುಡುಕುತ್ತಿರುವ ಪೆಟ್ಟಿಗೆಯ ಟ್ಯಾಗನ್ನೂ ಆ ಗೋಡೆಯ ಗುರುತಿನ ಟ್ಯಾಗುಗಳನ್ನೂ ಮಾತ್ರ ಕರೆಯಬೇಕು. ಗೋದಾಮಿನ ಪೆಟ್ಟಿಗೆಗಳೆಲ್ಲ ಒಟ್ಟಿಗೆ ಉತ್ತರಿಸಲು ಹೊರಟರೆ ಒಂದೊಂದಕ್ಕೂ ಸಿಗುವ ಸರದಿ ತೀರ ವಿರಳವಾಗುತ್ತದೆ. ಗುರುತಿನ ಟ್ಯಾಗುಗಳ ಸಂಖ್ಯೆಗಳನ್ನು ಒಂದೇ ರೀತಿಯ ಆರಂಭವಿರುವಂತೆ ಬರೆದಿಟ್ಟರೆ ಅವನ್ನೆಲ್ಲ ಒಂದೇ ಆಜ್ಞೆಯಲ್ಲಿ ಕರೆಯಬಹುದು.

ಹಳಿಯನ್ನು ರ‍್ಯಾಕಿಗೆ ಸಮಾನಾಂತರವಾಗಿ, ಸುಮಾರು ಒಂದು ಮೀಟರ್ ಈಚೆಗೆ ಇಡಿ. ಗಾಡಿ ಸೆಕೆಂಡಿಗೆ 10 ಸೆಂಟಿಮೀಟರಿನಂತೆ ಸಾಗಲಿ, ಟ್ಯಾಗ್ ಸೆಕೆಂಡಿಗೆ ಕನಿಷ್ಠ ಐದು ಸಲ ಓದಿಗೆ ಸಿಗಲಿ. ಆಗ ಪ್ರತಿ 2 ಸೆಂಟಿಮೀಟರಿಗೊಂದು ಅಂಕಿ ದೊರೆಯುತ್ತದೆ. ಗಾಡಿ ಓಡುವಾಗ ಯಾರೂ ಆಂಟೆನಾಕ್ಕೂ ರ‍್ಯಾಕಿಗೂ ನಡುವೆ ನಿಲ್ಲಬಾರದು, ಪಕ್ಕದಲ್ಲಿ ಓಡಾಡಲೂಬಾರದು, ಏಕೆಂದರೆ ಮನುಷ್ಯನ ಮೈಯೆಂದರೆ ಈ ಅಲೆಗೆ ನೀರಿನ ಕೊಡವಿದ್ದಂತೆ.

ಒಂದು ಓಟದಲ್ಲಿ ಏನು ಕಾಣುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಆಂಟೆನಾ ಎಡದಿಂದ ಬರುವಾಗ ಅದಕ್ಕೂ ಟ್ಯಾಗಿಗೂ ದೂರ ಕಡಿಮೆಯಾಗುತ್ತಾ ಬರುತ್ತದೆ, ಟ್ಯಾಗಿನ ನೇರ ಎದುರಿಗೆ ಬಂದಾಗ ಅತಿ ಕಡಿಮೆಯಾಗುತ್ತದೆ, ದಾಟಿದ ಮೇಲೆ ಮತ್ತೆ ಹೆಚ್ಚುತ್ತದೆ. ಟ್ಯಾಗ್ ಸರಿಯಾಗಿ ಒಂದು ಮೀಟರ್ ಆಚೆ ಇದೆಯೆಂದರೆ, ನೇರ ಎದುರಿನಿಂದ 10 ಸೆಂಟಿಮೀಟರ್ ಪಕ್ಕಕ್ಕೆ ಹೋದಾಗ ಫೇಸ್ ಏರುವುದು ಬರೀ 10 ಡಿಗ್ರಿ. 30 ಸೆಂಟಿಮೀಟರಿನಲ್ಲಿ 92 ಡಿಗ್ರಿ. 50 ಸೆಂಟಿಮೀಟರಿನಲ್ಲಿ 246 ಡಿಗ್ರಿ. ಕಾಗದದ ಮೇಲೆ ಎಳೆದರೆ ಬಾಣಲೆಯ ಆಕಾರದ ರೇಖೆ ಮೂಡುತ್ತದೆ, ಆ ಬಾಣಲೆಯ ತಳ ಎಲ್ಲಿದೆಯೋ ಅಲ್ಲಿಯೇ ಟ್ಯಾಗ್ ಇದೆ. ಎಷ್ಟು ಸುತ್ತು ಮುಗಿದಿವೆ ಎಂಬ ಪ್ರಶ್ನೆಯೇ ಇಲ್ಲಿ ಬೇಕಾಗುವುದಿಲ್ಲ ಎಂಬುದನ್ನು ಗಮನಿಸಿ, ಆಕಾರವೊಂದೇ ಸಾಕು. ಈ ರೇಖೆ ಪರದೆಯ ಮೇಲೆ ಮೊದಲ ಸಲ ಮೂಡಿದ ಸಂಜೆ ಗೋದಾಮಿನ ಗುಮಾಸ್ತರು ಬಂದು ನೋಡಿ, "ಇದರ ತಳದಲ್ಲಿದೆ ಅಂತೀರಾ ಸಾರ್?" ಎಂದು ಕೇಳಿ, ಅಳತೆ ಹಿಡಿದು ಹೋಗಿ, ಎರಡನೆಯ ಸಲಕ್ಕೆ ಕೈಗೆ ಸಿಕ್ಕ ಪೆಟ್ಟಿಗೆಯೇ ಅದಾಗಿದ್ದುದನ್ನು ತಂದು ನನ್ನ ಮುಂದಿಟ್ಟರು.

ರೀಡರ್ ಕೊಡುವ ಅಂಕಿ 360 ತಲುಪಿದಾಗ ಸೊನ್ನೆಗೆ ಬೀಳುವುದರಿಂದ, ಬಾಣಲೆ ಮೊದಲಿಗೆ ಗರಗಸದ ಹಲ್ಲಿನಂತೆ ತುಂಡಾಗಿ ಕಾಣುತ್ತದೆ. ಪಕ್ಕಪಕ್ಕದ ಎರಡು ಓದುಗಳ ನಡುವೆ 180 ಡಿಗ್ರಿಗಿಂತ ಹೆಚ್ಚಿನ ಜಿಗಿತ ಕಂಡಲ್ಲೆಲ್ಲ 360 ಕೂಡಿಸಿ ಅಥವಾ ಕಳೆದು ತುಂಡುಗಳನ್ನು ಬೆಸೆಯಬೇಕು. ನಮ್‌ಪೈ ಎಂಬ ಪೈಥಾನಿನ ಲೆಕ್ಕದ ಕಟ್ಟು ಬಳಸುವವರಿಗೆ ಇದಕ್ಕೆ ಸಿದ್ಧವಾದ ಆಜ್ಞೆಯೇ ಇದೆ. ಕೆಲವು ರೀಡರುಗಳಲ್ಲಿ ಮಾತ್ರ ಇನ್ನೊಂದು ಕೊರತೆ ಕಾಣುತ್ತದೆ: ಅವು ಆಗಾಗ ಸರಿಯಾಗಿ ಅರ್ಧ ಸುತ್ತಿನಷ್ಟು ತಪ್ಪುತ್ತವೆ. ನಿಮ್ಮದರಲ್ಲಿ ಹಾಗಿದೆಯೇ ಎಂದು ತಿಳಿಯಲು ಟ್ಯಾಗನ್ನು ಕದಲದಂತೆ ಇಟ್ಟು ಒಂದು ನಿಮಿಷ ಓದಿಸಿ. ಅಂಕಿಗಳು 180 ಡಿಗ್ರಿ ಅಂತರದ ಎರಡು ಗುಂಪಾಗಿ ಬಿದ್ದರೆ ಆ ಕೊರತೆ ಇದೆ ಎಂದರ್ಥ. ಆಗ ಎಲ್ಲ ಅಂಕಿಗಳನ್ನೂ ಎರಡರಿಂದ ಗುಣಿಸಿ, 360ರ ಒಳಕ್ಕೆ ಇಳಿಸಿ, ಬೆಸೆದ ಮೇಲೆ ಎರಡರಿಂದ ಭಾಗಿಸಿದರೆ ತಪ್ಪು ಅಳಿಸಿಹೋಗುತ್ತದೆ. ಹೀಗೆ ಮಾಡುವಾಗ ಓದುಗಳು ಇನ್ನಷ್ಟು ಒತ್ತಾಗಿರಬೇಕಾದ್ದರಿಂದ ಗಾಡಿಯ ವೇಗವನ್ನು ಅರ್ಧಕ್ಕಿಳಿಸಬೇಕು.

ತಳವನ್ನು ಗುರುತಿಸುವಾಗ ಅತಿ ಕಡಿಮೆ ಫೇಸ್ ಬಂದ ಒಂದು ಓದನ್ನೇ ಹಿಡಿದುಕೊಳ್ಳುವುದು ತಪ್ಪು. ಮೇಲಿನ ಅಂಕಿಗಳಲ್ಲಿಯೇ ಕಂಡಂತೆ ತಳ ಬಹಳ ಚಪ್ಪಟೆ, ನಾಲ್ಕೈದು ಡಿಗ್ರಿ ಅಲುಗಾಡಿದರೂ ಅತಿ ಕಡಿಮೆಯ ಬಿಂದು ಒಂದು ಪೆಟ್ಟಿಗೆಯಷ್ಟು ಆಚೀಚೆ ಹೋಗುತ್ತದೆ. ತಳದ ಎರಡೂ ಕಡೆ 50 ಸೆಂಟಿಮೀಟರಿನವರೆಗಿನ ಎಲ್ಲ ಓದುಗಳಿಗೂ ಒಂದು ಪರವಲಯವನ್ನು ಹೊಂದಿಸಿ, ಅದರ ತಳವನ್ನು ತೆಗೆದುಕೊಂಡರೆ ಅಂಗೈ ಅಗಲದೊಳಗೆ ಜಾಗ ಸಿಗುತ್ತದೆ.

ಅದೇ ಬಾಣಲೆ ಎಷ್ಟು ಅಗಲವಾಗಿದೆ ಎಂಬುದರಿಂದ ಟ್ಯಾಗ್ ಹಳಿಯಿಂದ ಎಷ್ಟು ದೂರವಿದೆ ಎಂಬುದೂ ತಿಳಿಯುತ್ತದೆ. ಎರಡು ಮೀಟರ್ ಆಚೆಗಿರುವ ಟ್ಯಾಗಿಗೆ 50 ಸೆಂಟಿಮೀಟರ್ ಪಕ್ಕದಲ್ಲಿ ಫೇಸ್ ಏರುವುದು 128 ಡಿಗ್ರಿ ಮಾತ್ರ. ಏರಿದ ಡಿಗ್ರಿಯನ್ನು 360ರಿಂದ ಭಾಗಿಸಿ 17.3ರಿಂದ ಗುಣಿಸಿದರೆ ದಾರಿ ಎಷ್ಟು ಉದ್ದವಾಯಿತೆಂದು ಬರುತ್ತದೆ. ಪಕ್ಕಕ್ಕೆ ಸರಿದ ದೂರದ ವರ್ಗದಿಂದ ಆ ಉದ್ದದ ವರ್ಗವನ್ನು ಕಳೆದು, ಉಳಿದದ್ದನ್ನು ಅದೇ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಟ್ಯಾಗಿನ ದೂರ ಸೆಂಟಿಮೀಟರಿನಲ್ಲಿ ಸಿಗುತ್ತದೆ. ಆದರೆ ಈ ಉತ್ತರವನ್ನು ಮೊದಲಿನದರಷ್ಟು ನಂಬಬಾರದು. ಹತ್ತು ಡಿಗ್ರಿ ತಪ್ಪಿದರೆ ಒಂದು ಮೀಟರಿನಲ್ಲಿ ನಾಲ್ಕೈದು ಸೆಂಟಿಮೀಟರ್ ತಪ್ಪಾಗುತ್ತದೆ, ಎರಡು ಮೀಟರಿನಲ್ಲಿ ಹದಿನೈದನ್ನೂ ಮೀರುತ್ತದೆ. ಪೆಟ್ಟಿಗೆ ಮುಂದಿನ ಸಾಲಿನಲ್ಲಿದೆಯೋ ಹಿಂದಿನದರಲ್ಲೋ ಎಂದು ತೀರ್ಮಾನಿಸಲು ಹಳಿಯನ್ನು ಹತ್ತಿರಕ್ಕೆ ತಂದೇ ಅಳೆಯಬೇಕು.

ಅಡ್ಡಲಾಗಿ ಓಡಿಸಿದ ಹಳಿ ಎಷ್ಟನೆಯ ಹಂತ ಎಂಬುದನ್ನು ತಿಳಿಸಲಾರದು, ಏಕೆಂದರೆ ಆಂಟೆನಾಕ್ಕಿಂತ ಒಂದು ಮೊಳ ಮೇಲಿದ್ದರೂ ಕೆಳಗಿದ್ದರೂ ದೂರ ಒಂದೇ. ಅದಕ್ಕಾಗಿ ಅಡ್ಡ ಓಟದಲ್ಲಿ ಸಿಕ್ಕ ಜಾಗದ ಎದುರಿಗೇ ಹಳಿಯನ್ನು ನೆಟ್ಟಗೆ ನಿಲ್ಲಿಸಿ, ಕೆಳಗಿನಿಂದ ಮೇಲಕ್ಕೆ ಇನ್ನೊಂದು ಓಟ ತೆಗೆಯಿರಿ. ಬಾಣಲೆಯ ತಳ ಈಗ ಎತ್ತರವನ್ನು ಹೇಳುತ್ತದೆ.

ಉಳಿದದ್ದು ಬೀರುವಿನ ಬಾಗಿಲಿನಂಥ ಪ್ರತಿಫಲಕಗಳ ಕಾಟ. ನೇರವಾಗಿ ಬಂದ ಅಲೆಗೆ ಉಕ್ಕಿನಿಂದ ಬಡಿದು ಬಂದ ಅಲೆ ಬೆರೆತರೆ ಬಾಣಲೆಯ ಒಂದು ಮಗ್ಗುಲು ಏರಿಳಿದು ಅಲೆಅಲೆಯಾಗುತ್ತದೆ, ಕೆಲವೊಮ್ಮೆ ತಳವೇ ಪಕ್ಕಕ್ಕೆ ಜರುಗುತ್ತದೆ. ಗುರುತಿನ ಟ್ಯಾಗುಗಳು ನೆರವಿಗೆ ಬರುವುದು ಇಲ್ಲಿಯೇ. ಪೆಟ್ಟಿಗೆಯ ಅಕ್ಕಪಕ್ಕದ ಎರಡು ಗುರುತುಗಳ ಬಾಣಲೆಗಳೂ ಬಹುಮಟ್ಟಿಗೆ ಅದೇ ರೀತಿಯಲ್ಲಿ ಸೊಟ್ಟಗಾಗಿರುತ್ತವೆ, ಅವುಗಳ ನಿಜವಾದ ಜಾಗವಂತೂ ನಮ್ಮ ಪುಸ್ತಕದಲ್ಲಿದೆ. ಹಾಗಾಗಿ ಪೆಟ್ಟಿಗೆಯ ತಳ ಯಾವ ಎರಡು ಗುರುತುಗಳ ತಳಗಳ ನಡುವೆ, ಎಷ್ಟು ಪಾಲು ದೂರದಲ್ಲಿ ಬಿದ್ದಿದೆ ಎಂದು ನೋಡಿ ಅದೇ ಪಾಲಿನಲ್ಲಿ ಜಾಗವನ್ನು ಹೇಳಬೇಕು. ಎಲ್ಲ ಬೀರುಗಳ ಬಾಗಿಲನ್ನು ಮುಚ್ಚಿ ಒಂದು ಓಟ, ಹಿಂದಿರುವ ಬೀರುಗಳ ಬಾಗಿಲನ್ನು ತೆರೆದು ಇನ್ನೊಂದು ಓಟ ತೆಗೆದು ಹೋಲಿಸಿದರೆ, ಎರಡರಲ್ಲೂ ಕದಲದ ತಳ ನಿಜವಾದದ್ದು, ಬಾಗಿಲಿನ ಜೊತೆಗೆ ಸರಿದದ್ದು ಪ್ರತಿಬಿಂಬ. ಮುಚ್ಚಿದ ಉಕ್ಕಿನ ಬೀರುವಿನ ಒಳಗಿರುವ ಟ್ಯಾಗನ್ನು ಹೊರಗಿನಿಂದ ಹುಡುಕಲು ಹೋಗಬೇಡಿ. ಬಾಗಿಲಿನ ಸಂದಿಯಿಂದ ಸೋರಿದ ಅಲೆಯೇ ಅದನ್ನು ಮುಟ್ಟುವುದರಿಂದ, ಟ್ಯಾಗ್ ಯಾವ ಮೂಲೆಯಲ್ಲಿದ್ದರೂ ಬಾಣಲೆಯ ತಳ ಆ ಸಂದಿಯನ್ನೇ ತೋರಿಸುತ್ತದೆ. ಬಾಗಿಲನ್ನು ಪೂರ್ತಿ ತೆರೆದು, ಹಳಿಯನ್ನು ಅದರ ಎದುರಿಗೆ ತಂದು ಓಡಿಸಬೇಕು.

ಹೊಸ ಸರಕು ಬಂದು ಪೆಟ್ಟಿಗೆಗಳ ಜಾಗ ಬದಲಾದಾಗಲೆಲ್ಲ, ಜರಿಯ ಗುಡ್ಡೆ ಎಲ್ಲಿ ಸೇರಿತೋ ಅದಕ್ಕೆ ತಕ್ಕಂತೆ ಗುರುತುಗಳ ಬಾಣಲೆಗಳೂ ಬದಲಾಗುತ್ತವೆ. ಹಳೆಯ ಓಟದ ಗುರುತುಗಳನ್ನು ಹೊಸ ಓಟಕ್ಕೆ ಬಳಸದೆ, ಹುಡುಕುವ ಪ್ರತಿ ಸಲವೂ ಪೆಟ್ಟಿಗೆಯನ್ನೂ ಗುರುತುಗಳನ್ನೂ ಒಂದೇ ಓಟದಲ್ಲಿ ಓದಿಸಿ.